ಮನೆಗೊಂದು ಸೌದೆ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಚಿದ್ಘನರೆಂಬ ಗುರುಗಳಿದ್ದರು. ಅವರದು ಮಾತು ಕಡಿಮೆ, ಊಟ ಅದಕ್ಕಿಂತ ಕಡಿಮೆ.

ಅವರ ಶಿಷ್ಯ ವಾಗೀಶ. ಒಳ್ಳೆಯ ಮನಸ್ಸಿನ ಹುಡುಗ. ಯಾರ ಮನೆಯಲ್ಲಿ ಅಳು ಕೇಳಿದರೂ ಇವನಿಗೆ ನಿದ್ದೆ ಬರುತ್ತಿರಲಿಲ್ಲ. ಕರುಣೆಯ ಜೊತೆಗೆ ಅವಸರವೂ ಇತ್ತು. ನೋವು ಕಂಡ ಕೂಡಲೇ ಮದ್ದು ಅರೆಯಲು ಕೂರುವ ಜಾತಿ. ನೋವು ಎಲ್ಲಿದೆ ಎಂದು ಕೇಳುವಷ್ಟು ತಾಳ್ಮೆ ಇರಲಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಅವನು ಸ್ನಾನಕ್ಕೆಂದು ಹೊಳೆಗೆ ಇಳಿದ. ಬಿದಿರ ಮೆಳೆಯ ಬುಡದಲ್ಲಿ ಏನೋ ಸಿಕ್ಕಿಕೊಂಡಿತ್ತು. ಹತ್ತಿರ ಹೋಗಿ ನೋಡಿದರೆ ಅರ್ಧ ಬೆಂದ ಹೆಣ.

ಅಲ್ಲಿಂದ ಕೂಗಳತೆ ದೂರದಲ್ಲಿ ಊರಿನ ಹೆಂಗಸರು ಕೊಡಕ್ಕೆ ನೀರು ತುಂಬಿಕೊಳ್ಳುತ್ತಿದ್ದರು.

ವಾಗೀಶ ಅವರನ್ನು ವಿಚಾರಿಸಿದ. ಸತ್ತವನು ಕಲ್ಲುಕ್ವಾರಿಯ ಕೂಲಿ, ಯಾವುದೋ ದೂರದ ಸೀಮೆಯಿಂದ ಬಂದವನು. ಜೊತೆಯವರಿಗೆ ಸಿಕ್ಕಿದ್ದು ಒಂದಿಷ್ಟು ಹಸಿ ಸೌದೆ. ಮಳೆಯಲ್ಲಿ ಅದು ಹತ್ತಲಿಲ್ಲ. ಬೆಂದಷ್ಟು ಬೇಯಿಸಿ, ಕೈಮುಗಿದು, ಹೊಳೆಗೆ ನೂಕಿದ್ದರು.

ಅಂದು ವಾಗೀಶನಿಗೆ ಅನ್ನ ಇಳಿಯಲಿಲ್ಲ. ಸಂಜೆ ಗುರುಗಳ ಮುಂದೆ ಕೂತ.

"ಗುರುಗಳೇ, ಬಡವ ಸತ್ತರೆ ಸುಡುವುದಕ್ಕೂ ಸೌದೆ ಇಲ್ಲ. ಹೊಳೆಯೂ ಕೆಡುತ್ತಿದೆ. ಎಣ್ಣೆ ಗಿರಣಿಯ ಅಚ್ಚಣ್ಣ ಶೆಟ್ಟರು ತಮ್ಮ ತಾಯಿಯ ಹೆಸರಲ್ಲಿ ಒಂದು ದತ್ತಿ ಕಟ್ಟಬೇಕು ಅಂತಿದ್ದಾರೆ. ಯಾರೇ ಸಾಯಲಿ, ಒಣ ಸೌದೆ ಪುಕ್ಕಟೆ ಕೊಡೋಣ ಅಂತ. ನೋಡಿಕೊಳ್ಳೋದಕ್ಕೆ ನನ್ನನ್ನ ಕೇಳಿದ್ದಾರೆ. ತಮ್ಮ ಅಪ್ಪಣೆ ಬೇಕು."

ಗುರುಗಳು ಕೇಳಿದರು: "ಊರಲ್ಲಿ ಯಾರಾದರೂ ಸತ್ತರೆ ಸೌದೆ ಎಲ್ಲಿಂದ ಬರುತ್ತೆ?"

"ಮನೆಸೌದೆ ಬರುತ್ತೆ ಗುರುಗಳೇ."

ಅದು ಆ ಊರಿನ ಪದ್ಧತಿ. ದಾಸಯ್ಯನ ಶಂಖ ಕೇಳಿದರೆ ಸಾವಾಗಿದೆ ಎಂದು ಅರ್ಥ. ಕೇಳಿದವರು ಮನೆಗೊಂದು ಸೌದೆ ಹಿಡಿದು ಸತ್ತವರ ಬಾಗಿಲಿಗೆ ಬರಬೇಕು. ಹಿತ್ತಲಲ್ಲಿ ಒಣಗಿ ಬಿದ್ದ ಕೊಂಬೆಯಾದರೂ ಆದೀತು, ಮುರಿದ ನೇಗಿಲಾದರೂ ಆದೀತು. ಮಾತು ಬಿಟ್ಟವರೂ ಬರಬೇಕು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಆ ಊರಿನಲ್ಲಿ ಹೆಣದ ಮುಂದೆ ನಿಜವಾಗುತ್ತಿತ್ತು.

"ಕ್ವಾರಿಯವನಿಗೆ ಯಾಕೆ ಬರಲಿಲ್ಲ?"

"ಅವನು ಊರಿನವನಲ್ಲವಲ್ಲ ಗುರುಗಳೇ."

"ಹಾಗಾದರೆ ಇಲ್ಲದೇ ಹೋದದ್ದು ಸೌದೆಯೋ?"

ಗುರುಗಳು ಒಗಟು ಹಾಕುತ್ತಿದ್ದಾರೆ ಎನ್ನಿಸಿ ವಾಗೀಶನಿಗೆ ಸ್ವಲ್ಪ ಬೇಸರವೇ ಆಯಿತು. ಕಣ್ಣ ಮುಂದೆ ಇನ್ನೂ ಆ ಬಿದಿರ ಮೆಳೆ ಇತ್ತು.

"ನಾವು ಯೋಚನೆ ಮಾಡಿ ಮುಗಿಸುವ ತನಕ ಹೆಣ ಕಾಯೋದಿಲ್ಲ ಗುರುಗಳೇ" ಎಂದ.

ಗುರುಗಳು ಎದ್ದು ದೀಪಕ್ಕೆ ಎಣ್ಣೆ ಹಾಕಿದರು.

"ಅದೂ ನಿಜ. ಮಾಡು" ಎಂದರು.

ದತ್ತಿ ಶುರುವಾಯಿತು. ಆಶ್ರಮದ ಹಿಂದೆ ತಗಡಿನ ಕೊಟ್ಟಿಗೆ ಎದ್ದಿತು. ಅದರ ತುಂಬ ಒಣ ಸೌದೆ. ಒಂದು ಟ್ರ್ಯಾಕ್ಟರ್ ಬಂತು. ಅದರ ನೆತ್ತಿಯ ಮೇಲೆ ಶೆಟ್ಟರ ತಾಯಿಯ ಹೆಸರಿನ ಬೋರ್ಡು. ಶಂಖ ಕೇಳಿದ ಸ್ವಲ್ಪ ಹೊತ್ತಿಗೆಲ್ಲ ಸೌದೆ ಸ್ಮಶಾನ ಸೇರುತ್ತಿತ್ತು. ಜೊತೆಗೊಂದು ಚೀಲ, ಚೀಲದಲ್ಲಿ ಬಿಳಿ ಬಟ್ಟೆ, ಕರ್ಪೂರ, ತುಪ್ಪ, ಪೇಟೆಯಿಂದ ತಂದ ಮಡಕೆ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ದತ್ತಿಯಿಂದ ಒಳ್ಳೆಯದಾಯಿತು. ಜಡಿಮಳೆಯಲ್ಲೂ ಚಿತೆಗಳು ಹತ್ತಿದವು. ಹೊಳೆಯಲ್ಲಿ ಮತ್ತೆ ಅಂಥದ್ದು ತೇಲಿ ಬರಲಿಲ್ಲ. ಹಿಂದೆ ಮಳೆಗಾಲದಲ್ಲಿ ಮನೆಸೌದೆ ಸಾಲದೆ ಬಾಗಿಲು ಕಿತ್ತು ಸುಟ್ಟ ಮನೆಗಳಿದ್ದವು. ಅಂಥ ಮನೆಯವರು ವಾಗೀಶನನ್ನು ಕಂಡರೆ ಕಣ್ಣಿಗೊತ್ತಿಕೊಳ್ಳುವ ಹಾಗೆ ಕೈಮುಗಿಯುತ್ತಿದ್ದರು.

ಮೊದಮೊದಲು ಟ್ರ್ಯಾಕ್ಟರ್ ಬಂದರೂ ಊರಿನವರು ತಮ್ಮ ಸೌದೆ ಹಿಡಿದು ಬರುತ್ತಿದ್ದರು. ಆಮೇಲೆ ಬರಿಗೈಯಲ್ಲಿ ಬಂದರು. ಬರಿಗೈಯಲ್ಲಿ ಬಂದವನಿಗೆ ಸಾವಿನ ಮನೆಯಲ್ಲಿ ನಿಲ್ಲಲು ಒಂಥರಾ ಮುಜುಗರ. ಹಾಗಾಗಿ ಬೀದಿಯ ತುದಿಯಲ್ಲಿ ನಿಂತರು. ಕೊನೆಗೆ ತಮ್ಮ ತಮ್ಮ ಹೊಸಿಲಲ್ಲೇ ನಿಂತರು. ದತ್ತಿಯ ಆಳುಗಳೇ ಹೆಣವನ್ನು ಟ್ರ್ಯಾಕ್ಟರಿಗೆ ಏರಿಸಿ ಕೆಲಸ ಮುಗಿಸಿ ಬರತೊಡಗಿದರು.

ವಾಗೀಶ ಅದನ್ನು ಗಮನಿಸಲಿಲ್ಲ. ಅವನ ಗಮನವೆಲ್ಲ ಕೊಟ್ಟಿಗೆಯ ಮೇಲೆ. ಸೌದೆ ಖಾಲಿಯಾಗಬಾರದು, ಅಷ್ಟೇ.

ಖಾಲಿಯಾಗದ ಹಾಗೆ ತುಂಬಿಸುತ್ತಿದ್ದದ್ದು ಎದುರಿನ ಗುಡ್ಡ. ಮೊದಲು ಉದುರಿದ್ದನ್ನು ಆರಿಸಿದರು. ಅದು ಮುಗಿದ ಮೇಲೆ ಒಣಗಿದ್ದನ್ನು ಕಡಿದರು. ಅದೂ ಮುಗಿದ ಮೇಲೆ ಹಸಿರಾಗಿದ್ದನ್ನು ಕಡಿದು ಒಣಗಿಸಿದರು. ಗುಡ್ಡದ ಒರತೆ ಬತ್ತಿತು. ಅಲ್ಲಿದ್ದ ನವಿಲುಗಳು ಆಶ್ರಮದ ಅಂಗಳಕ್ಕೆ ಬಂದು ನೆರಳು ಹುಡುಕುತ್ತಿದ್ದವು.

ಒಂದು ಬೆಳಿಗ್ಗೆ ಗುರುಗಳು ಗುಡ್ಡದ ಕಡೆ ಮುಖ ಮಾಡಿ ಕೂತಿದ್ದರು.

"ವಾಗೀಶ, ಬೋಳಾಗುತ್ತಿದೆ."

"ಗೊತ್ತು ಗುರುಗಳೇ. ಸಸಿ ನೆಡಿಸುವ ಯೋಜನೆಯೂ ಇದೆ. ಶೆಟ್ಟರು ಒಪ್ಪಿದ್ದಾರೆ."

"ಒಂದು ದತ್ತಿಗೆ ಇನ್ನೊಂದು ದತ್ತಿ."

ವಾಗೀಶ ಅದನ್ನು ಮೆಚ್ಚುಗೆ ಎಂದುಕೊಂಡ.

ಶೆಟ್ಟರು ಈಗ ಇಡೀ ತಾಲ್ಲೂಕಿಗೆ ದತ್ತಿಯನ್ನು ಹರಡಲು ಹೊರಟಿದ್ದರು. ಹೊಸ ಟ್ರ್ಯಾಕ್ಟರುಗಳು ಬಂದು ಗಿರಣಿಯ ಮುಂದೆ ನಿಂತಿದ್ದವು. ಎಲ್ಲದಕ್ಕೂ ಮೇಲುಸ್ತುವಾರಿ ವಾಗೀಶನದೇ. ಆಶ್ರಮದ ಅಂಗಳದಲ್ಲಿ ಸಮಾರಂಭ. ಗುರುಗಳು ಒಂದು ಮಾತು ಹೇಳಿ ಹರಸಿದರೆ ಮುಗಿಯಿತು. ಗುರುಗಳ ಮಾತಿಲ್ಲದೆ ಮುಂದುವರಿಯುವುದಿಲ್ಲ ಎಂದು ಶೆಟ್ಟರು ಮೊದಲೇ ಹೇಳಿದ್ದರು.

ವಾಗೀಶನಿಗೆ ಹೆಸರಿನ ಆಸೆ ಇರಲೇ ಇಲ್ಲ ಎಂದರೆ ಸುಳ್ಳಾದೀತು. ಇತ್ತು, ಅಡುಗೆಗೆ ಉಪ್ಪಿನಷ್ಟು. ಅದಕ್ಕಿಂತ ದೊಡ್ಡದು, ತಾನು ಅಂದು ಹೊಳೆಯಲ್ಲಿ ಕಂಡದ್ದನ್ನು ಇನ್ನು ಯಾರೂ ಎಲ್ಲೂ ಕಾಣಬಾರದು ಎಂಬ ಹಟ.

ಸಮಾರಂಭದ ದಿನ ಚಪ್ಪರ ಹಾಕಲು ಆಳು ಸಾಲಲಿಲ್ಲ. ವಾಗೀಶ ದತ್ತಿಯ ಆಳುಗಳನ್ನೂ ಕರೆಸಿಕೊಂಡ. ಬೆಳಿಗ್ಗೆ ಶಂಖ ಕೇಳಿತ್ತು. ಅವರು ಸೌದೆಯನ್ನು ಸ್ಮಶಾನಕ್ಕೆ ಸುರಿದು, ಚೀಲವನ್ನು ಸಾವಿನ ಮನೆಯ ಜಗುಲಿಯ ಮೇಲಿಟ್ಟು, ಓಡಿ ಬಂದು ಬಾಳೆಕಂಬ ಕಟ್ಟುತ್ತಿದ್ದರು.

ಶೆಟ್ಟರು ಬಂದರು. ನೆಂಟರಿಷ್ಟರು ಬಂದರು. ಗುರುಗಳು ಬಂದು ಚಾಪೆಯ ಮೇಲೆ ಕೂತರು.

ಆಗ ಚಪ್ಪರದ ಬಾಯಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೆದರಿದ ತಲೆ, ಕಾಲಲ್ಲಿ ಚಪ್ಪಲಿ ಇಲ್ಲ. ಕುಂಬಾರ ಚನ್ನಿಗಪ್ಪನ ಹೆಂಡತಿ ದೇವೀರಮ್ಮ. ಆ ದಂಪತಿಗೆ ಮಕ್ಕಳಿರಲಿಲ್ಲ.

ವಾಗೀಶ ಓಡಿಹೋದ. "ಏನಮ್ಮ?"

"ನಮ್ಮನೆಯವ್ರು ಹೋದ್ರು ಬುದ್ಧಿ. ಬೆಳಿಗ್ಗೆ."

"ಅಯ್ಯೋ. ಸೌದೆ ಬಂತಲ್ಲ? ಚೀಲ?"

"ಎಲ್ಲಾ ಬಂತು ಬುದ್ಧಿ. ಬಟ್ಟೆ ಬಂತು, ಕರ್ಪೂರ ಬಂತು, ಮಡಕೆ ಬಂತು. ಜನ ಬರ್ಲಿಲ್ಲ."

ವಾಗೀಶನಿಗೆ ಅರ್ಥವಾಗಲಿಲ್ಲ.

"ಎಲ್ಲಾರೂ ಬಾಗಲಿಗೆ ಬಂದು ನೋಡಿದ್ರು. ಟ್ಯಾಕ್ಟ್ರು ಹೋಗೋದ ನೋಡಿ, ದತ್ತಿಯೋರು ನೋಡ್ಕೋತಾರೆ ಅಂತ ಒಳಕ್ಕೆ ಹೋದ್ರು. ನಾನೊಬ್ಳೇ ಕುಂತಿವ್ನಿ. ನೊಣ ಓಡ್ಸಕ್ಕೂ ಇನ್ನೊಬ್ರಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ಊರಲ್ಲಿ ಯಾರ ಮನೇಲಿ ಸಾವಾದ್ರೂ ಮಡಕೆ ನಮ್ಮದೇ ಬುದ್ಧಿ. ಯಾರತ್ರಾನೂ ಏನೂ ಇಸ್ಕೊಂಡಿಲ್ಲ, ಅವ್ರೇ ಹೊತ್ಕೊಂಡು ಹೋಗಿ ಕೊಟ್ಟು, ಹೆಗಲೂ ಕೊಟ್ಟು ಬರೋರು. ಇವತ್ತು ಅವ್ರಿಗೆ ಪ್ಯಾಟೆ ಮಡಕೆ. ಹೋಗ್ಲಿ. ಎತ್ತಕ್ಕೆ ನಾಕು ಜನ ಬೇಕಲ್ಲ?"



"ನಿಮ್ಮ ದತ್ತೀಲಿ ಜನಾನೂ ಕೊಡ್ತೀರಾ ಬುದ್ಧಿ?" ಎಂದು ಅವಳು ಕೇಳಿದಳು.

ಕೊಂಕು ಇರಲಿಲ್ಲ ಅದರಲ್ಲಿ. ಕೊಡುತ್ತಾರೇನೋ ಎಂದೇ ಕೇಳಿದ್ದಳು.

ಶೆಟ್ಟರು ಎದ್ದರು. ಅವರೂ ಕೆಟ್ಟವರಲ್ಲ, ಕಣ್ಣು ತುಂಬಿಕೊಂಡಿದ್ದರು. "ಅದಕ್ಕೇನಮ್ಮ, ಈಗಲೇ ಗಿರಣಿಯಿಂದ ನಾಲ್ಕು ಆಳು ಕರೆಸ್ತೀನಿ. ವಾಗೀಶಪ್ಪ, ಇದನ್ನೂ ದತ್ತಿಗೆ ಸೇರಿಸಿಬಿಡೋಣ. ಊರಿಗೆ ನಾಲ್ಕು ಜನ ಹೊರೋರು. ಖಾಯಂ."

ವಾಗೀಶ ಗುರುಗಳ ಮುಖ ನೋಡಿದ. ಗುರುಗಳು ಆಗಲೇ ಎದ್ದು ಮೆಟ್ಟಿಲು ಇಳಿಯುತ್ತಿದ್ದರು.

"ಗುರುಗಳೇ, ಎಲ್ಲಿಗೆ?"

"ಸಾವಿನ ಮನೆಗೆ."

"ನಾವೇ ಹೊತ್ತುಬಿಡೋಣವೇ? ನಾನು, ಶೆಟ್ಟರು, ಇಬ್ಬರು ಆಳು..." ಎಂದ ವಾಗೀಶ. ಅವನಿಗೆ ಈಗಲೂ ಅವಸರವೇ.

"ನಾನು ಹೊರುವ ಹಾಗಿಲ್ಲ. ಸನ್ಯಾಸಿ. ನಾಲ್ಕು ಹೆಗಲನ್ನು ದಾನ ಕೊಟ್ಟು ಇವಳನ್ನು ಮತ್ತೆ ಒಬ್ಬಳೇ ಮಾಡುವ ಹಾಗೂ ಇಲ್ಲ."

"ಮತ್ತೆ ಏನು ಮಾಡೋಣ?"

"ಸನ್ಯಾಸಿಗೆ ಬರುವ ಕೆಲಸ ಒಂದೇ. ಭಿಕ್ಷೆ."

ಕುಂಬಾರನ ಮನೆ ಬೀದಿಯ ತುದಿಯಲ್ಲಿತ್ತು. ಗುರುಗಳು ಜಗುಲಿಯ ಮೇಲೆ, ಹೆಣದ ಕಾಲಿನ ಕಡೆ ಕೂತರು. ಶೆಟ್ಟರು ರೇಷ್ಮೆ ಪಂಚೆಯಲ್ಲೇ ನೆಲದ ಮೇಲೆ ಕೂತರು.

ಗುರುಗಳು ವಾಗೀಶನಿಗೆ ಹೇಳಿದರು: "ಮನೆಮನೆಗೂ ಹೋಗು. 'ಚನ್ನಿಗಪ್ಪ ಹೋದ, ಒಂದು ಸೌದೆ ಭಿಕ್ಷೆ' ಅನ್ನು. ಬೇರೆ ಉಪದೇಶ ಬೇಡ. ಕೊಟ್ಟದ್ದನ್ನು ಮುಟ್ಟಬೇಡ."

"ಮುಟ್ಟದೆ ಹೇಗೆ ತರಲಿ?"

"ತರಬೇಡ."

ವಾಗೀಶ ಹೊರಟ.

ಮೊದಲ ಮನೆ ನಿಂಗೇಗೌಡರದು. ಬಾಗಿಲಲ್ಲಿ ನಿಂತು ಹೇಳಿದ: "ಚನ್ನಿಗಪ್ಪ ಹೋದ. ಒಂದು ಸೌದೆ ಭಿಕ್ಷೆ."

ಗೌಡರು ಹೊರಗೆ ಬಂದರು. "ಇದೇನ್ ಬುದ್ಧಿ? ಟ್ಯಾಕ್ಟ್ರು ತುಂಬ ನೀವೇ ಸುರ್ದಿದೀರಿ. ಮೇಲೆ ನಮ್ಮನ್ನ ಒಂದು ಕೇಳ್ತೀರಿ. ತಮಾಷೆಯಾ?"

ವಾಗೀಶನ ನಾಲಿಗೆಯ ತುದಿಯಲ್ಲಿ ದೊಡ್ಡ ಭಾಷಣವಿತ್ತು. ಅದನ್ನು ನುಂಗಿದ.

"ನಮ್ಮನೇಲಿ ಈಗ ಗ್ಯಾಸು. ಸೌದೆ ಎಲ್ಲೈತೆ?" ಎಂದು ಗೌಡರು ಒಳಗೆ ಹೋದರು. ಬಾಗಿಲನ್ನು ಮುಚ್ಚಲಿಲ್ಲ, ಆದರೆ ತಿರುಗಿಯೂ ನೋಡಲಿಲ್ಲ.

ಎರಡನೆಯ ಮನೆಯಲ್ಲಿ ಯಾರೂ ಏಳಲಿಲ್ಲ. ಮೂರನೆಯ ಮನೆಯಲ್ಲಿ ಟಿವಿಯ ಸದ್ದಿಗೆ ಇವನ ಕೂಗು ಕೇಳಿಸಲಿಲ್ಲ. ಊರಿಗೆಲ್ಲ ಸೌದೆ ಕೊಟ್ಟವನು ಈಗ ಒಂದು ಕಡ್ಡಿ ಬೇಡುತ್ತಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಕೊಡುವಾಗ ಇಷ್ಟು ಕಷ್ಟ ಎಂದೂ ಆಗಿರಲಿಲ್ಲ.

ನಾಲ್ಕನೆಯ ಮನೆಯಲ್ಲಿ ಒಬ್ಬಳು ಮುದುಕಿ ಒಲೆಯ ಮುಂದಿದ್ದಳು. ಕಾಳಮ್ಮಜ್ಜಿ. ಮಾತು ಕೇಳಿ ಒಳಗೆ ಹೋಗಿ, ತುದಿ ಸೀಳಿದ ಹಳೆಯ ಒನಕೆಯೊಂದನ್ನು ಎಳೆದುಕೊಂಡು ಬಂದಳು.

ವಾಗೀಶ ಅಭ್ಯಾಸಬಲದಿಂದ ಕೈ ಚಾಚಿ, ಹಿಂದಕ್ಕೆಳೆದುಕೊಂಡ.

"ತಗಳಪ್ಪ."

"ನಾನು ಮುಟ್ಟೋ ಹಾಗಿಲ್ಲ ಅಜ್ಜಿ."

"ಮತ್ತೆ ಯಾರು ತಗಂಡೋಯ್ತಾರೆ?"

ವಾಗೀಶ ಅವಳನ್ನೇ ನೋಡಿದ.

"ನಾನಾ? ಮಂಡಿ ನೆಟ್ಟಗೆ ನಿಲ್ಲಕಿಲ್ಲ ಕಣಪ್ಪ ನಂಗೆ." ಅಜ್ಜಿ ಒನಕೆಯನ್ನು ನೋಡಿದಳು, ಬೀದಿಯ ತುದಿ ನೋಡಿದಳು. "ನಮ್ಮ ಯಜಮಾನ್ರು ಹೋದಾಗ ಆ ಚನ್ನಿಗ ಮಳೇಲಿ ನೆಂದ್ಕೊಂಡು ಮಡಕೆ ತಂದಿದ್ದ. ಮಡಕೆ ನೆನೀಬಾರ್ದು ಅಂತ ತನ್ನ ಕಂಬಳೀಲಿ ಸುತ್ತಿದ್ದ." ಅವಳು ತನ್ನಷ್ಟಕ್ಕೆ ಗೊಣಗಿಕೊಂಡಳು. ಆಮೇಲೆ ಒನಕೆಯನ್ನೇ ಊರುಗೋಲು ಮಾಡಿಕೊಂಡು ಮೆಟ್ಟಿಲಿಳಿದಳು.

ಮುದುಕಿ ಒನಕೆ ಊರಿಕೊಂಡು ಬೀದಿಯಲ್ಲಿ ನಡೆಯುವುದನ್ನು ಊರು ನೋಡಿತು.

ಟಿವಿಯ ಸದ್ದು ನಿಂತಿತು. ಆ ಮನೆಯ ಸೊಸೆ ಗಂಡನನ್ನು ಗದರಿಸುವುದು ಕೇಳಿಸಿತು: "ಅಜ್ಜಿ ಹೋಗ್ತಾವ್ಳೆ, ನೀವು ಕುಂತಿರಿ." ಗಂಡ ಲುಂಗಿ ಬಿಗಿದುಕೊಳ್ಳುತ್ತ, ತೆಂಗಿನ ಮಟ್ಟೆ ಹಿಡಿದು ಹೊರಬಂದ. ಇನ್ನೊಂದು ಮನೆಯಿಂದ ಮುರಿದ ಏಣಿ ಬಂತು. ಇನ್ನೊಂದರಿಂದ ಬೇಲಿಯ ಗೂಟ.

ವಾಗೀಶ ಬೇಡುತ್ತ ಹೋದ. ಅವನ ಹಿಂದೆ ಬೀದಿ ತುಂಬುತ್ತ ಬಂತು. ಊರಿನ ಕೊನೆಯ ಮನೆಯ ಮುಂದೆ ಅವನು ನಿಂತ. ಅಲ್ಲಿಗೆ ಊರು ಮುಗಿಯಿತು. ಅದರಾಚೆ ಬಯಲು, ಬಯಲಿನಲ್ಲಿ ಕ್ವಾರಿಯವರ ತಗಡಿನ ಶೆಡ್ಡುಗಳು.

ಗುರುಗಳು ಮನೆಮನೆಗೂ ಎಂದಿದ್ದರು. ಶೆಡ್ಡು ಮನೆಯೋ ಅಲ್ಲವೋ ಎಂದು ಹೇಳಿರಲಿಲ್ಲ.

ವಾಗೀಶ ಬಯಲು ದಾಟಿದ.

"ಚನ್ನಿಗಪ್ಪ ಹೋದ. ಒಂದು ಸೌದೆ ಭಿಕ್ಷೆ."

ಶೆಡ್ಡಿನ ಮುಂದೆ ಕೂತಿದ್ದವನು ತಡಬಡಿಸಿ ಎದ್ದ. ಅವನ ಕನ್ನಡ ಬೇರೆ ಸೀಮೆಯದು. "ನಾವಾ ಸ್ವಾಮೀರೆ? ನಾವು ಬರಬೌದೇನ್ರಿ?"

"ಯಾಕೆ ಬರಬಾರದು?"

"ಯಾರೂ ಕರದಿಲ್ರೀ ಇಲ್ಲೀತನ." ಅವನು ನೆಲ ನೋಡಿದ. "ನಮ್ಮ ಗೆಳ್ಯಾ ಮಳ್ಯಾಗ ಸತ್ತಾಗ ನಾನೂ ಎಲ್ಲಾರ ಬಾಗ್ಲಿಗೆ ಹೋಗಿ ಕೇಳ್ಬೇಕಿತ್ತು. ಧೈರ್ಯ ಸಾಲಲಿಲ್ಲ. ಹೊಳಿಗೆ ಬಿಟ್ವಿ."

ವಾಗೀಶನಿಗೆ ತಟ್ಟನೆ ಅಳು ಬಂತು. ಅಂದು ಅವನು ಬಿದಿರ ಮೆಳೆಯಿಂದ ನೇರವಾಗಿ ಶೆಟ್ಟರ ಹತ್ತಿರ ಓಡಿದ್ದ, ಗುರುಗಳ ಹತ್ತಿರ ಓಡಿದ್ದ. ಈ ಶೆಡ್ಡಿನ ತನಕ ಬಂದಿರಲಿಲ್ಲ. ಸತ್ತವನ ಹೆಸರೇನು ಎಂದೂ ಕೇಳಿರಲಿಲ್ಲ.

ಈಗ ಕೇಳಿದ.

"ದುರುಗಪ್ಪ ಅಂತ್ರೀ" ಎಂದು ಹೇಳಿ ಅವನು ಒಳಗೆ ಹೋಗಿ ಗುದ್ದಲಿಯ ಕಾವೊಂದನ್ನು ತಂದ. ಅವನ ಹಿಂದೆ ಬೇರೆ ಶೆಡ್ಡುಗಳವರೂ ಒಬ್ಬೊಬ್ಬರಾಗಿ ಎದ್ದರು.

ಅತ್ತ ಜಗುಲಿಯ ಮೇಲೆ ಗುರುಗಳು ಶೆಟ್ಟರನ್ನು ಕೇಳುತ್ತಿದ್ದರು.

"ನಿಮ್ಮ ತಾಯಿ ಹೋದಾಗ ಜನ ಬಂದಿದ್ದರೇ?"

"ಬೀದಿ ತುಂಬ ಗುರುಗಳೇ. ಯಾರ್ಯಾರು ಬಂದಿದ್ದರು ಅಂತ ಈಗಲೂ ಹೇಳ್ತೀನಿ. ನನ್ನ ಕಂಡರಾಗದ ನಮ್ಮ ದಾಯಾದಿ ಬಂದು ನನ್ನ ಭುಜದ ಮೇಲೆ ಕೈಯಿಟ್ಟು ನಿಂತಿದ್ದ."

"ಸೌದೆ ಯಾವ ಮರದ್ದು?"

ಶೆಟ್ಟರು ಯೋಚಿಸಿದರು.

"ನೆನಪಿಲ್ಲ ಗುರುಗಳೇ" ಎಂದು ತಲೆ ತಗ್ಗಿಸಿದರು.

ಅಷ್ಟರಲ್ಲಿ ಕಾಳಮ್ಮಜ್ಜಿ ಒನಕೆಯೊಂದಿಗೆ ಬಂದು ತಲುಪಿದಳು. ಒನಕೆಯನ್ನು ಅಂಗಳದಲ್ಲಿ ಹಾಕಿ, ನೇರ ದೇವೀರಮ್ಮನ ಹತ್ತಿರ ಹೋಗಿ ಪಕ್ಕದಲ್ಲಿ ಕೂತಳು. ದೇವೀರಮ್ಮ ಬೆಳಗಿನಿಂದ ಅತ್ತಿರಲಿಲ್ಲ. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಈಗ ಬಾಯಿಬಿಟ್ಟು ಅತ್ತಳು. ಆ ಅಳುವನ್ನು ಕೇಳಿ ಬೀದಿಯಲ್ಲಿದ್ದವರ ನಡಿಗೆ ಚುರುಕಾಯಿತು.

ಅಂಗಳದಲ್ಲಿ ಸೌದೆ ಬಿದ್ದವು. ಬಿದ್ದಂತೆಲ್ಲ ಮಾತು ಹುಟ್ಟಿತು. ಯಾರೋ ಚಟ್ಟಕ್ಕೆ ಬಿದಿರು ಸೀಳಿದರು. ಯಾರೋ ನೀರು ಕಾಯಿಸಿದರು. ಕೊನೆಗೆ ನಿಂಗೇಗೌಡರೂ ಬಂದರು, ಕೈಯಲ್ಲಿ ಹಳೆಯ ಮಂಚದ ಕಾಲು.

"ಗ್ಯಾಸು ಅಂದ್ರಲ್ಲ ಗೌಡ್ರೆ?" ಎಂದು ಯಾರೋ ಕೆಣಕಿದರು.

"ಸುಮ್ನಿರಯ್ಯ. ಮನೇಲಿ ಬೈಸ್ಕೊಂಡು ಬಂದಿವ್ನಿ" ಎಂದು ಗೌಡರು ಮೋರೆ ಗಂಟಿಕ್ಕಿಕೊಂಡರು. ಆದರೆ ಹೆಣದ ಮುಖ ನೋಡಿದ ಮೇಲೆ ತಲೆಯ ಟವೆಲು ತೆಗೆದರು. "ನಮ್ಮವ್ವನ ಮಡಕೆ ಇವನೇ ಮಾಡಿದ್ದು" ಎಂದರು.

ಕ್ವಾರಿಯವರು ಬಂದು ಬೀದಿಯಲ್ಲೇ ನಿಂತರು. ಒಳಗೆ ಬರಲು ಅಳುಕು. ಗೌಡರೇ ತಿರುಗಿ ನೋಡಿ, "ಅಲ್ಯಾಕ್ ನಿಂತ್ರಪ್ಪ, ಬಿಸ್ಲಲ್ಲಿ. ತಂದು ಹಾಕಿ" ಎಂದರು.

ಚಟ್ಟ ಏಳುವ ಹೊತ್ತಿಗೆ ವಾಗೀಶ ಓಡಿ ಬಂದು ಹೆಗಲು ಕೊಡಲು ಹೋದ. ಜಾಗ ಇರಲಿಲ್ಲ.

ಅವನು ಹಿಂದೆ ಸರಿದು, ಎಲ್ಲರ ಕೊನೆಯಲ್ಲಿ ನಡೆದ. ಅಷ್ಟು ನೆಮ್ಮದಿ ಅವನಿಗೆ ದತ್ತಿ ಶುರುವಾದಾಗಿನಿಂದ ಆಗಿರಲಿಲ್ಲ.

ಸ್ಮಶಾನದಲ್ಲಿ ಟ್ರ್ಯಾಕ್ಟರು ಸುರಿದ ಸೌದೆ ಗುಡ್ಡೆಯಾಗಿ ಬಿದ್ದಿತ್ತು. ಒಂದೇ ಅಳತೆಯ ಕೊರಡುಗಳು. ಕೆಲವಕ್ಕೆ ಇನ್ನೂ ಹಸಿರು ತೊಗಟೆ. ಊರಿನವರು ತಂದದ್ದರಲ್ಲಿ ಒಂದಕ್ಕೊಂದು ಹೊಂದುವುದು ಯಾವುದೂ ಇರಲಿಲ್ಲ: ಒನಕೆ, ಏಣಿ, ಗೂಟ, ಮಂಚದ ಕಾಲು, ಗುದ್ದಲಿಯ ಕಾವು.

"ಇಷ್ಟು ಸಾಲಕಿಲ್ಲ ಬುದ್ಧಿ" ಎಂದರು ಗೌಡರು. "ಆ ಸೌದೇನೂ ಸೇರಿಸ್ಬೇಕು."

ವಾಗೀಶ ಗುರುಗಳ ಕಡೆ ನೋಡಿದ. ಬೇಡ ಎನ್ನುತ್ತಾರೆಂದು ಅವನ ಲೆಕ್ಕ.

"ಮೊದಲು ಮನೆಸೌದೆ ಇಡಿ" ಎಂದರು ಗುರುಗಳು. "ಕಡಿಮೆ ಬಿದ್ದಷ್ಟು ಅದರಿಂದ ತಗೊಳ್ಳಿ."

ಕಡಿಮೆ ಬಿದ್ದದ್ದು ಸ್ವಲ್ಪವೇ. ಗುಡ್ಡೆಯ ಬಹುಪಾಲು ಬಿದ್ದಲ್ಲೇ ಉಳಿಯಿತು.

ಕೊಳ್ಳಿ ಇಡುವುದು ಯಾರೆಂಬ ಪ್ರಶ್ನೆ ಬಂತು. ದೇವೀರಮ್ಮ ಮುಂದೆ ಬಂದಳು. "ನಾನೇ ಇಡ್ತೀನಿ. ಅವ್ರ ಆವಿಗೆಗೆ ಬೆಂಕಿ ಇಡ್ತಿದ್ದೋಳು ನಾನೇ" ಎಂದಳು. ಆವಿಗೆ ಎಂದರೆ ಮಡಕೆ ಸುಡುವ ಗೂಡು. ಯಾರೂ ಎದುರಾಡಲಿಲ್ಲ. ಅವಳು ಕೊಳ್ಳಿ ಇಟ್ಟಳು. ಬೆಂಕಿ ಬಲಿಯುವ ತನಕ ಊರು ಅಲ್ಲೇ ನಿಂತಿತ್ತು.

ಆಮೇಲೆ ಎಲ್ಲರೂ ಹೊಳೆಗೆ ಹೋಗಿ ಮುಳುಗು ಹಾಕಿದರು. ಊರಿನವರು ಚದುರಿದ ಮೇಲೆ ಮೂವರು ಉಳಿದರು. ಗುರುಗಳು ಸೋಪಾನದ ಮೇಲೆ ಕೂತಿದ್ದರು. ಶೆಟ್ಟರೂ ವಾಗೀಶನೂ ಒದ್ದೆ ಬಟ್ಟೆಯಲ್ಲಿ ಕೆಳಗೆ ನಿಂತಿದ್ದರು. ಎದುರಿಗೆ ಬೋಳು ಗುಡ್ಡ.

ವಾಗೀಶ ಹೇಳಿದ: "ಗುರುಗಳೇ, ಆ ಗುಡ್ಡವನ್ನು ಸುಟ್ಟವನು ನಾನು. ಊರಿನ ಮನೆಸೌದೆ ನಿಲ್ಲಿಸಿದವನೂ ನಾನೇ. ನನಗೆ ಪ್ರಾಯಶ್ಚಿತ್ತ ಹೇಳಿ."

"ಮಳೆಯಲ್ಲಿ ಹತ್ತಿದ ಚಿತೆಗಳಿಗೂ ಪ್ರಾಯಶ್ಚಿತ್ತ ಬೇಕೇ?"

ವಾಗೀಶ ಒದ್ದೆ ಪಂಚೆಯ ತುದಿ ಹಿಂಡಿದ.

"ಕೊಡಲಿಗಳನ್ನೆಲ್ಲ ತಂದು ನನ್ನ ಕೋಣೆಯಲ್ಲಿಡು. ಸದ್ಯಕ್ಕೆ ಅಷ್ಟು ಸಾಕು."

ಶೆಟ್ಟರು ಕೈಮುಗಿದರು. "ಹಾಗಾದರೆ ದತ್ತಿ ಮುಚ್ಚಿಬಿಡಲೇ ಗುರುಗಳೇ?"

"ತಾಯಿಯ ಹೆಸರನ್ನು ಯಾಕೆ ಮುಚ್ಚುತ್ತೀರಿ? ಮಳೆಗಾಲ ಬರುತ್ತೆ. ನಾಲ್ಕು ಒಣ ಸೌದೆ ಕೊಟ್ಟಿಗೆಯಲ್ಲಿರಲಿ."

"ಗುಡ್ಡಕ್ಕೆ ಸಸಿ ತರಿಸ್ತೀನಿ. ಎಷ್ಟು ಬೇಕೋ ಅಷ್ಟು."

"ನೀರು ಯಾರು ಹಾಕುತ್ತಾರೆ?"

"ಆಳು ಇಟ್ಟು..." ಎಂದವರು ಅರ್ಧಕ್ಕೆ ನಿಲ್ಲಿಸಿದರು. ಅವರ ಮುಖದಲ್ಲಿ ಪೆಚ್ಚುನಗೆ ಬಂತು. "ಮತ್ತೆ ಅದನ್ನೇ ಅಂದೆ, ಅಲ್ಲವೇ?"

ಗುರುಗಳು ಹೊಳೆಯನ್ನು ನೋಡುತ್ತಿದ್ದರು. ಸ್ಮಶಾನದ ಕಡೆಯಿಂದ ಹೊಗೆ ತೆಳ್ಳಗೆ ಏಳುತ್ತಿತ್ತು.

ಶೆಟ್ಟರು ಸೋತವರ ಹಾಗೆ ಕೇಳಿದರು: "ನನಗೆ ಕೊಡೋದು ಬಿಟ್ಟು ಬೇರೇನೂ ಬರೋದಿಲ್ಲ ಗುರುಗಳೇ. ತಾಲ್ಲೂಕಿನ ಊರುಗಳೆಲ್ಲ ಕಾಯುತ್ತಿವೆ. ಅಲ್ಲೂ ಹೆಣಗಳು ಅರೆಬೆಂದೇ ಹೊಳೆಗೆ ಬೀಳುತ್ತಿವೆ. ಟ್ರ್ಯಾಕ್ಟರುಗಳು ಬಂದು ನಿಂತಿವೆ. ಆ ಊರುಗಳಿಗೆ ಏನು ಕಳಿಸಲಿ, ತಾವೇ ಹೇಳಿ."

ಗುರುಗಳು ವಾಗೀಶನನ್ನು ನೋಡಿದರು. ಅವನ ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಇವನನ್ನು ಕಳಿಸಿ" ಎಂದರು. "ಬರಿಗೈಯಲ್ಲಿ."